ಕೈಚೆಲ್ಲುವ ಹೊತ್ತು

ನಮ್ಮ ಪತ್ರಿಕೆಗಳ ಕ್ರೀಡಾಪುಟಗಳಲ್ಲಿ ‘ಕೈಚೆಲ್ಲು’ ಎಂಬ ಪದ ಆಗಾಗ ಕಾಣಿಸುತ್ತದೆ. ಸ್ಲಿಪ್‌ನಲ್ಲಿ ನಿಂತವನು ಸುಲಭದ ಕ್ಯಾಚ್ ಕೈಚೆಲ್ಲಿದ ಎಂದು ಬರೆಯುತ್ತಾರೆ. ಮನೆಮಾತಿನಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥವಿದೆ. ವೈದ್ಯರು ಕೈಚೆಲ್ಲಿದರು, ಮೇಷ್ಟ್ರು ಕೈಚೆಲ್ಲಿ ಕೂತರು ಎನ್ನುತ್ತೇವೆ. ಇನ್ನು ನಮ್ಮಿಂದ ಆಗದು ಎಂದು ಪ್ರಯತ್ನವನ್ನೇ ನಿಲ್ಲಿಸಿಬಿಡುವುದು ಅದು. ಈ ಎರಡೂ ಅರ್ಥಗಳು ಒಂದೇ ಕಡೆ ಸೇರುವ ಸನ್ನಿವೇಶವೊಂದು ಕೆಲವು ಕಾಲದಿಂದ ನನ್ನ ತಲೆಯಲ್ಲಿ ಕೂತಿದೆ. ಎಳೆಯ ಆಟಗಾರನೊಬ್ಬ ತನ್ನತ್ತ ಬಂದ ಚೆಂಡನ್ನು ಮತ್ತೆ ಮತ್ತೆ ಕೈಚೆಲ್ಲುತ್ತಿದ್ದಾನೆ. ಅವನ ತಂಡ ಅವನ ವಿಷಯದಲ್ಲಿ ಯಾವಾಗ ಕೈಚೆಲ್ಲಬಹುದು? ಆಟದ ಲೆಕ್ಕಾಚಾರದ ಪ್ರಶ್ನೆಯಂತೆ ಕಾಣುವ ಇದು ಒಳಗೆ ನೀತಿಯ ಪ್ರಶ್ನೆ ಎಂಬುದು ನನ್ನ ಅನಿಸಿಕೆ.

ಫುಟ್‌ಬಾಲ್ ಎಂದರೆ ನಮಗೆ ಕಾಲಿನ ಆಟ. ನಾನು ಹೇಳಹೊರಟಿರುವುದು ಅಮೆರಿಕದವರು ಆ ಹೆಸರಿಟ್ಟು ಆಡುವ ಆಟ. ಅಲ್ಲಿ ಹೆಸರಿನಲ್ಲಷ್ಟೇ ಕಾಲು, ಕೆಲಸವೆಲ್ಲ ಹೆಚ್ಚಾಗಿ ಕೈಯದು. ಕ್ವಾರ್ಟರ್‌ಬ್ಯಾಕ್ ಎನಿಸಿಕೊಂಡವನು ಮೊಟ್ಟೆಯಾಕಾರದ ಚೆಂಡನ್ನು ಹಿಂದಿನಿಂದ ಎಸೆಯುತ್ತಾನೆ. ರಿಸೀವರ್ ಮೊದಲೇ ಗೊತ್ತುಮಾಡಿದ ಹಾದಿಯಲ್ಲಿ ಓಡಿ, ಬೆನ್ನಟ್ಟಿ ಬರುವ ಎದುರಾಳಿಯನ್ನು ತಪ್ಪಿಸಿ, ಅದನ್ನು ಹಿಡಿಯಬೇಕು. ಹಿಡಿದರೆ ಮುಂದಕ್ಕೆ ದಾರಿ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್. ಬಿಟ್ಟರೆ ಅರವತ್ತು, ಎಪ್ಪತ್ತು ಸಾವಿರ ಜನರ ಮುಂದೆ ಖಾಲಿ ಕೈ. ತಂಡದ ಹತ್ತು ಜನರ ಶ್ರಮ ಆ ಒಂದು ಕ್ಷಣಕ್ಕೆ ಬಂದು ನಿಂತಿರುವುದರಿಂದ, ರಿಸೀವರನ ತಪ್ಪಿನಷ್ಟು ಬೆತ್ತಲಾದ ತಪ್ಪು ಆ ಆಟದಲ್ಲಿ ಕಡಿಮೆ.

2015ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ನೆಲ್ಸನ್ ಅಗಲೋರ್ ಎಂಬ ರಿಸೀವರನನ್ನು ಮೊದಲ ಸುತ್ತಿನಲ್ಲಿ, ಒಟ್ಟಾರೆ 20ನೆಯ ಆಯ್ಕೆಯಾಗಿ ಆರಿಸಿಕೊಂಡಿತು. ನೈಜೀರಿಯದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದು, ಕಾಲೇಜಿನ ಆಟದಲ್ಲಿ ಹೆಸರು ಮಾಡಿದವನು. ಮೊದಲ ವರ್ಷ ಅವನು ಹಿಡಿದದ್ದು 23 ಚೆಂಡು, ಟಚ್‌ಡೌನ್ ಒಂದು. ಎರಡನೆಯ ವರ್ಷ 36 ಚೆಂಡು, ಟಚ್‌ಡೌನ್ ಎರಡು. ಮೊದಲ ಸುತ್ತಿನವನಿಂದ ನಿರೀಕ್ಷಿಸುವುದು ಇದಲ್ಲ. 2016ರ ನವೆಂಬರಿನಲ್ಲಿ ಸಿಯಾಟಲ್ ವಿರುದ್ಧದ ಪಂದ್ಯದಲ್ಲಿ ಅವನು ನಿಲ್ಲಬೇಕಾದ ಗೆರೆಯ ಮೇಲೆ ಸರಿಯಾಗಿ ನಿಲ್ಲದ ಕಾರಣ ಜೊತೆಗಾರನ 57 ಗಜದ ಟಚ್‌ಡೌನ್ ರದ್ದಾಯಿತು. ಅದೇ ಪಂದ್ಯದಲ್ಲಿ ಕೈಗೆ ಬಂದ ಚೆಂಡನ್ನೂ ಬಿಟ್ಟ. ಪಂದ್ಯ ಮುಗಿದ ಮೇಲೆ ಪತ್ರಕರ್ತರ ಮುಂದೆ, ತಾನು ತನ್ನ ತಲೆಯೊಳಗೇ ಸಿಕ್ಕಿಕೊಂಡಿದ್ದೇನೆ ಎಂಬರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದ. ಮುಂದಿನ ಪಂದ್ಯಕ್ಕೆ ಕೋಚ್ ಡಗ್ ಪೀಡರ್ಸನ್ ಅವನನ್ನು ಕಣಕ್ಕಿಳಿಸಲಿಲ್ಲ. ಇವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಎಂದು ಊರು ಕೇಳತೊಡಗಿತ್ತು.

ತಂಡ ಇಟ್ಟುಕೊಂಡಿತು. ಮುಂದಿನ ವರ್ಷ ರಿಸೀವರುಗಳಿಗೆ ಹೊಸ ಕೋಚ್ ಬಂದರು. 2017ರ ಆಗಸ್ಟಿನಲ್ಲಿ, ಅಂಕಣದ ನಡುಭಾಗಕ್ಕೆ ಹತ್ತಿರ ಆಡುತ್ತಿದ್ದ ಆಟಗಾರನೊಬ್ಬನನ್ನು ಬೇರೆ ತಂಡಕ್ಕೆ ಕಳಿಸಿದ್ದರಿಂದ ಆ ಜಾಗ ತೆರವಾಯಿತು. ಅಂಚಿನಲ್ಲಿ ಒದ್ದಾಡುತ್ತಿದ್ದ ಅಗಲೋರನನ್ನು ಅಲ್ಲಿಗೆ ತಂದರು. ಆ ವರ್ಷ ಅವನು 62 ಚೆಂಡು ಹಿಡಿದು ಎಂಟು ಟಚ್‌ಡೌನ್ ಗಳಿಸಿದ. 2018ರ ಫೆಬ್ರುವರಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ, ಅಂದರೆ ಆ ಆಟದ ಮಹಾ ಅಂತಿಮ ಪಂದ್ಯದಲ್ಲಿ, ಒಂಬತ್ತು ಚೆಂಡು ಹಿಡಿದ. ಈಗಲ್ಸ್ 41–33ರಿಂದ ಗೆದ್ದಿತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಿ ‘ತಾಳಿದವನು ಬಾಳಿಯಾನು’ ಎಂದು ಮುಗಿಸಿದರೆ ಕೇಳಲು ಚೆನ್ನ. ತಾಳ್ಮೆಯ ಪರ ವಾದಿಸುವವರ ಬಳಿ ಇಂಥ ಕಥೆಗಳ ಮೂಟೆಯೇ ಇದೆ. ಈ ಆಟ ಕಂಡ ಅತಿ ದೊಡ್ಡ ರಿಸೀವರ್ ಎಂದು ಬಹುಮಂದಿ ಒಪ್ಪುವ ಜೆರಿ ರೈಸ್ 1985ರಲ್ಲಿ, ತನ್ನ ಮೊದಲ ವರ್ಷದಲ್ಲಿ, ಚೆಂಡು ಬಿಟ್ಟು ತನ್ನೂರಿನವರಿಂದಲೇ ಮೂದಲಿಕೆ ಕೇಳಿದ್ದ. ಗ್ರೀನ್ ಬೇ ತಂಡದ ಡಾವಾಂಟೆ ಆಡಮ್ಸ್ 2015ರಲ್ಲಿ ಗಳಿಸಿದ್ದು ಒಂದೇ ಟಚ್‌ಡೌನ್. ಮರುವರ್ಷ ಹನ್ನೆರಡು.

ಆದರೆ ಈ ಕಥೆಗಳೆಲ್ಲ ಗೆದ್ದವರ ಕಥೆಗಳು. ಮಿನೆಸೋಟ ವೈಕಿಂಗ್ಸ್ ತಂಡ 2016ರಲ್ಲಿ ಮೊದಲ ಸುತ್ತಿನಲ್ಲೇ, 23ನೆಯವನಾಗಿ ಆರಿಸಿದ ಲಾಕ್ವಾನ್ ಟ್ರೆಡ್‌ವೆಲ್ ಮೊದಲ ವರ್ಷ ಹಿಡಿದದ್ದು ಒಂದೇ ಒಂದು ಚೆಂಡು. ಅವರೂ ತಾಳಿದರು. ಮೂರು ವರ್ಷ ಕಳೆದರೂ ಅವನಿಂದ ಬಂದದ್ದು ಒಂದು ಟಚ್‌ಡೌನ್. ಅವನ ಕಥೆಯನ್ನು ಯಾರೂ ತಾಳ್ಮೆಯ ಪಾಠವಾಗಿ ಹೇಳುವುದಿಲ್ಲ. ಅವನಿಗಾದರೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಇನ್ನೊಂದು ಗಾದೆ ಸಿದ್ಧವಾಗಿರುತ್ತದೆ. ನಮ್ಮ ಗಾದೆಗಳು ಜೋಡಿಜೋಡಿಯಾಗಿ ಬರುತ್ತವೆ. ಫಲ ಕಂಡ ಮೇಲೆ ತಕ್ಕದ್ದನ್ನು ಆರಿಸಿಕೊಳ್ಳುತ್ತೇವೆ. ತೀರ್ಮಾನ ಮಾಡಬೇಕಾದವನಿಗೆ ಬೇಕಿರುವುದು ಫಲ ಕಾಣುವ ಮುಂಚಿನ ಬೆಳಕು. ಅಗಲೋರ್ ಮುಂದೆ ಗೆದ್ದ ಎಂಬುದು 2016ರ ಡಿಸೆಂಬರಿನಲ್ಲಿ ಅವನನ್ನು ಇಟ್ಟುಕೊಳ್ಳಲು ಕಾರಣವಾಗಿರಲು ಸಾಧ್ಯವೇ ಇಲ್ಲ. ಆಗ ಅದು ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ಆಗ ಕಾರಣವಾಗಿ ಏನಿರುತ್ತದೆ? ಸಾಮಾನ್ಯವಾಗಿ ಇರುವುದು ಆಯ್ಕೆಯ ಸಂಖ್ಯೆ. ಈ ಆಟದಲ್ಲಿ ಪ್ರತಿವರ್ಷ ‘ಡ್ರಾಫ್ಟ್’ ನಡೆಯುತ್ತದೆ. 32 ತಂಡಗಳು ಸರದಿಯಂತೆ ಏಳು ಸುತ್ತುಗಳಲ್ಲಿ ಕಾಲೇಜಿನ ಆಟಗಾರರನ್ನು ಆರಿಸಿಕೊಳ್ಳುತ್ತವೆ. ಮೊದಲ ಸುತ್ತಿನ ಆಯ್ಕೆ ದುಬಾರಿ. ದುಬಾರಿ ಸಾಮಾನನ್ನು ಅಟ್ಟಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಬ್ಯಾರಿ ಸ್ಟಾ ಮತ್ತು ಹಾ ಹೋಂಗ್ ಎಂಬ ಇಬ್ಬರು ವಿದ್ವಾಂಸರು 1995ರಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟಗಾರರ ಬಗ್ಗೆ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಆಟದ ಗುಣಮಟ್ಟವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಮುಂಚಿನ ಸಂಖ್ಯೆಯಲ್ಲಿ ಆಯ್ಕೆಯಾದವರಿಗೆ ಹೆಚ್ಚು ಹೊತ್ತು ಆಡುವ ಅವಕಾಶ ಸಿಗುತ್ತಿತ್ತು, ಅವರ ವೃತ್ತಿಜೀವನವೂ ಉದ್ದವಾಗುತ್ತಿತ್ತು. ಅಂದರೆ ಮುಳುಗಿದ ಹಣವೇ ತಾಳ್ಮೆಯ ವೇಷ ತೊಟ್ಟು ಬರುತ್ತದೆ. ಅದನ್ನು ಸದ್ಗುಣ ಎಂದು ತಿಳಿಯಬಾರದು.

ಅದೇ ಸಂಖ್ಯೆ ತಿರುಗಿ ಆಟಗಾರನ ಕುತ್ತಿಗೆಗೂ ಸುತ್ತಿಕೊಳ್ಳುತ್ತದೆ. 2020ರಲ್ಲಿ ಅದೇ ಈಗಲ್ಸ್ ತಂಡ 21ನೆಯ ಆಯ್ಕೆಯಾಗಿ ಜೇಲೆನ್ ರೇಗರ್ ಎಂಬ ರಿಸೀವರನನ್ನು ತೆಗೆದುಕೊಂಡಿತು. ಮರುಕ್ಷಣವೇ, 22ನೆಯವನಾಗಿ, ವೈಕಿಂಗ್ಸ್ ಪಾಲಿಗೆ ಬಂದವನು ಜಸ್ಟಿನ್ ಜೆಫರ್ಸನ್. ಜೆಫರ್ಸನ್ ಮೊದಲ ವರ್ಷವೇ 1,400 ಗಜ ಗಳಿಸಿದ. ರೇಗರ್ ಗಳಿಸಿದ್ದು 396. ಅಂದಿನಿಂದ ರೇಗರ್ ಬಿಟ್ಟ ಪ್ರತಿ ಚೆಂಡಿನ ಹಿಂದೆ ಜೆಫರ್ಸನ್ ಹಿಡಿದ ಚೆಂಡೊಂದು ನೆನಪಾಗುತ್ತಿತ್ತು. ಅವನ ಆಟ ಸಾಧಾರಣವಾಗಿತ್ತು, ನಿಜ. ಆದರೆ ಜೆಫರ್ಸನ್‌ನನ್ನು ಬಿಟ್ಟು ತನ್ನನ್ನು ಆರಿಸಿದ್ದು ಅವನಲ್ಲವಲ್ಲ! ಆರಿಸಿದವರ ತಪ್ಪಿಗೆ ಆಯ್ಕೆಯಾದವನಿಂದ ದಂಡ ವಸೂಲಿಯಾಯಿತು. 2022ರ ಆಗಸ್ಟಿನಲ್ಲಿ ಅವನನ್ನು ಬೇರೆ ತಂಡಕ್ಕೆ ಕೊಟ್ಟರು. ಯಾವ ತಂಡಕ್ಕೆ ಎಂದರೆ, ವಿಧಿಯ ತಮಾಷೆಯೋ ಏನೋ, ಜೆಫರ್ಸನ್ ಇದ್ದ ವೈಕಿಂಗ್ಸ್‌ಗೇ.

ಸಂಖ್ಯೆಯನ್ನು ಬದಿಗಿಟ್ಟು ಆಟವನ್ನಷ್ಟೇ ನೋಡೋಣವೆಂದರೆ ಅಲ್ಲೂ ತೊಡಕಿದೆ. ರಿಸೀವರನ ಸಾಧನೆಯಲ್ಲಿ ಎಷ್ಟು ಅವನದು? ಚೆಂಡು ಅವನ ಕೈಗೆ ಬರುವ ಮುಂಚೆ ಎಸೆಯುವವನಿಗೆ ಎಸೆಯುವಷ್ಟು ಸಮಯ ಸಿಕ್ಕಿರಬೇಕು, ಅದಕ್ಕೆ ಮುಂದಿನ ಸಾಲಿನವರು ಎದುರಾಳಿಗಳನ್ನು ತಡೆದು ನಿಲ್ಲಿಸಿರಬೇಕು, ಎಸೆತ ನೇರವಾಗಿರಬೇಕು, ಕೋಚ್ ಹಾಕಿದ ಹಾದಿ ಅವನ ಓಟಕ್ಕೆ ಒಗ್ಗಬೇಕು. 2015ರಲ್ಲಿ ಆಡಮ್ಸ್ ಸೋತದ್ದೂ ಹೀಗೆಯೇ. ಅವನ ತಂಡದ ಮುಖ್ಯ ರಿಸೀವರ್ ಜೋರ್ಡಿ ನೆಲ್ಸನ್ ಋತು ಶುರುವಾಗುವ ಮೊದಲೇ ಮೊಣಕಾಲು ಮುರಿಸಿಕೊಂಡು ಹೊರಗುಳಿದಿದ್ದ. ಎದುರಾಳಿಗಳ ಒಳ್ಳೆಯ ಕಾವಲುಗಾರರೆಲ್ಲ ಎಳೆಯ ಆಡಮ್ಸ್‌ನತ್ತ ತಿರುಗಿದ್ದರು. ಅವನಿಗೂ ಕಾಲಿನ ಗಾಯವಾಗಿತ್ತು. ಮರುವರ್ಷ ನೆಲ್ಸನ್ ಮರಳಿದ. ಆಡಮ್ಸ್‌ನಲ್ಲಿ ಆದ ಬದಲಾವಣೆಯಲ್ಲಿ ಎಷ್ಟು ಅವನ ಬೆಳವಣಿಗೆ, ಎಷ್ಟು ನೆಲ್ಸನ್‌ನ ಮರಳುವಿಕೆ ಎಂದು ಬೇರ್ಪಡಿಸುವ ತಕ್ಕಡಿ ನಮ್ಮಲ್ಲಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ 1896ರ ತನ್ನ ಪ್ರಸಿದ್ಧ ಉಪನ್ಯಾಸವೊಂದರಲ್ಲಿ, ನಂಬಿಕೆಯೇ ಮುಂದೆ ನಿಜವನ್ನು ಉಂಟುಮಾಡುವ ಸಂದರ್ಭಗಳಿವೆ ಎಂದು ವಾದಿಸಿದ. ನಾಳೆ ಮಳೆ ಬರುತ್ತದೆಂದು ನಾನು ನಂಬಿದರೂ ನಂಬದಿದ್ದರೂ ಮೋಡಕ್ಕೆ ವ್ಯತ್ಯಾಸವಾಗದು. ಒಬ್ಬ ಮನುಷ್ಯನ ಮೇಲಿನ ನಂಬಿಕೆ ಹಾಗಲ್ಲ. ಅದು ಅವನಿಗೆ ತಲುಪುತ್ತದೆ. ಮುಂದಿನ ಚೆಂಡು ಬಿಟ್ಟರೆ ತನ್ನ ಕಥೆ ಮುಗಿಯಿತು ಎಂದು ಗೊತ್ತಿರುವ ಹುಡುಗ ಚೆಂಡನ್ನು ನೋಡುವ ಬದಲು ತನ್ನ ಕೈಗಳನ್ನು ನೋಡತೊಡಗುತ್ತಾನೆ. ಆಗ ಬಿಡುತ್ತಾನೆ. ನೋಡಿ, ನಾವು ಹೇಳಿದ್ದು ಸರಿಯಾಯಿತು ಎನ್ನುತ್ತೇವೆ. ಅಳೆಯುವ ಕೋಲೇ ಅಳೆಯುತ್ತಿರುವ ವಸ್ತುವನ್ನು ತಳ್ಳುತ್ತಿದ್ದರೆ ಆ ಅಳತೆಯನ್ನು ನಂಬುವುದು ಹೇಗೆ?

ಇಷ್ಟೆಲ್ಲದರಿಂದ ನನಗೆ ಹೊಳೆಯುವುದು ಒಂದೇ. ‘ಇವನಲ್ಲಿ ಇನ್ನೇನೂ ಇಲ್ಲ’ ಎಂಬುದನ್ನು ಹೊರಗಿನವರು ತಿಳಿಯಲಾರರು. ಮೂರು ವರ್ಷ ಕಾದರೂ ತಿಳಿಯಲಾರರು. ಆದ್ದರಿಂದ ಕೈಬಿಡುವ ತೀರ್ಮಾನವನ್ನು ಅದರ ಮೇಲೆ ನಿಲ್ಲಿಸಲಾಗದು. ತಂಡಕ್ಕೆ ತಿಳಿಯಬಲ್ಲದ್ದು ಬೇರೊಂದಿದೆ. ‘ಇವನಿಗಾಗಿ ನಾವು ಮಾಡಬಹುದಾದದ್ದು ಮುಗಿದಿದೆಯೇ?’ ತನ್ನ ಪ್ರಯತ್ನ ಎಲ್ಲಿಯವರೆಗೆ ಬಂತು, ಎಂದು ನಿಂತಿತು ಎಂಬುದು ಪ್ರಯತ್ನಪಟ್ಟವನಿಗೆ ಗೊತ್ತಿರುತ್ತದೆ. ಮೊದಲಿನ ಪ್ರಶ್ನೆಗೆ ಉತ್ತರ ಆಟಗಾರನೊಳಗೆ ಬಚ್ಚಿಟ್ಟುಕೊಂಡಿದೆ. ಎರಡನೆಯದಕ್ಕೆ ಉತ್ತರ ನಮ್ಮ ಕೈಯಲ್ಲೇ ಇದೆ.

ಕನ್ನಡದ ಎರಡು ಪದಗಳನ್ನು ಇಲ್ಲಿ ಬೇರೆಬೇರೆ ಇಟ್ಟುಕೊಂಡರೆ ಅನುಕೂಲ. ‘ಕೈಚೆಲ್ಲುವುದು’ ನಮ್ಮೊಳಗೆ ನಡೆಯುವುದು. ಪ್ರಯತ್ನ ನಿಲ್ಲಿಸುತ್ತೇವೆ, ಆಸೆ ಬಿಡುತ್ತೇವೆ. ‘ಕೈಬಿಡುವುದು’ ಹೊರಗೆ ನಡೆಯುವುದು. ಹಿಡಿದ ಕೈಯನ್ನು ಸಡಿಲಿಸಿ, ಅವನನ್ನು ಅವನ ದಾರಿಗೆ ಬಿಡುತ್ತೇವೆ. ನನ್ನ ವಾದ ಇಷ್ಟೇ. ಪ್ರಯತ್ನಪಡದೆ ಕೈಚೆಲ್ಲುವ ಹಕ್ಕು ತಂಡಕ್ಕಿಲ್ಲ. ಕೈಚೆಲ್ಲಿದ ಮೇಲೆ ಕೈಬಿಡದೆ ಇಟ್ಟುಕೊಳ್ಳುವ ಹಕ್ಕೂ ಇಲ್ಲ.

ಮೊದಲ ಭಾಗಕ್ಕೆ ಸುಲಭವಾದ ಆಕ್ಷೇಪವೊಂದಿದೆ. ಇದು ದುಡ್ಡಿನ ಆಟ, ತಂಡ ಯಾರಿಗೂ ಋಣಿಯಲ್ಲ. ಸಂಬಳ ಕೊಡುತ್ತದೆ, ಆಡದಿದ್ದರೆ ಕಳಿಸುತ್ತದೆ. ಆದರೆ ಡ್ರಾಫ್ಟ್ ಪದ್ಧತಿಯನ್ನು ಸ್ವಲ್ಪ ಯೋಚಿಸಿ. ಆಟಗಾರ ತಂಡವನ್ನು ಆರಿಸಿಕೊಳ್ಳುವುದಿಲ್ಲ. ಹೆಸರು ಕೂಗಿದ ತಂಡದೊಂದಿಗೇ ಅವನು ಮಾತಾಡಬೇಕು. ನಾಲ್ಕು ವರ್ಷದ ಒಪ್ಪಂದ. ಮೊದಲ ಸುತ್ತಿನವನಾದರೆ, ಮೂರನೆಯ ವರ್ಷ ಮುಗಿದ ಮೇಲೆ ಐದನೆಯ ವರ್ಷಕ್ಕೂ ಅವನನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ನಿರ್ಧರಿಸುವ ಹಕ್ಕು ತಂಡದ್ದು. ತನಗೆ ಒಗ್ಗುವ ಕೋಚ್ ಎಲ್ಲಿದ್ದಾರೆ, ತನ್ನ ಓಟಕ್ಕೆ ಸರಿಯಾದ ಎಸೆತಗಾರ ಎಲ್ಲಿದ್ದಾನೆ ಎಂದು ಹುಡುಕಿ ಹೋಗುವ ಸ್ವಾತಂತ್ರ್ಯ, ಅವನ ಕಾಲಿನಲ್ಲಿ ಅತಿ ಹೆಚ್ಚು ವೇಗವಿರುವ ವರ್ಷಗಳಲ್ಲಿ, ಅವನಿಗಿಲ್ಲ. ಒಬ್ಬನ ಆಯ್ಕೆಯ ಸ್ವಾತಂತ್ರ್ಯವನ್ನು ನಾವು ಇಟ್ಟುಕೊಂಡಿದ್ದೇವೆ ಎಂದರೆ ಅದಕ್ಕೆ ಪ್ರತಿಯಾಗಿ ಸಂಬಳ ಮಾತ್ರವಲ್ಲ, ನಿಜವಾದ ಒಂದು ಪರೀಕ್ಷೆಯನ್ನೂ ಕೊಡಬೇಕಾಗುತ್ತದೆ.

ನಿಜವಾದ ಪರೀಕ್ಷೆ ಎಂದರೆ ವರ್ಷಗಳ ಎಣಿಕೆಯಲ್ಲ. ಒಂದೇ ತಪ್ಪು ಜಾಗದಲ್ಲಿ ಮೂರು ವರ್ಷ ನಿಲ್ಲಿಸುವುದು ಒಂದೇ ಬಾಗಿಲನ್ನು ಮೂರು ಸಲ ತಟ್ಟಿದಂತೆ. ತಂಡ ತನ್ನ ಕಡೆಯಿಂದ ಏನನ್ನು ಬದಲಿಸಿ ನೋಡಿತು ಎಂಬುದು ಎಣಿಕೆಗೆ ಬರಬೇಕು. ಜಾಗ ಬದಲಿಸಿತೇ? ಕಲಿಸುವವರನ್ನು ಬದಲಿಸಿತೇ? ಹೊರೆ ಹೆಚ್ಚಾದಾಗ ಇಳಿಸಿತೇ? ಏನು ಕಡಿಮೆಯಾಗುತ್ತಿದೆ ಎಂದು ಅವನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿತೇ? 2016ರಲ್ಲಿ ಪೀಡರ್ಸನ್ ಅಗಲೋರನನ್ನು ಒಂದು ಪಂದ್ಯದ ಮಟ್ಟಿಗೆ ಕೂರಿಸಿ ಮತ್ತೆ ಆಡಿಸಿದ್ದು, ಮುಂದೆ ಅವನ ಜಾಗ ಬದಲಿಸಿದ್ದು ನನಗೆ ಮುಖ್ಯವಾಗಿ ಕಾಣುವುದು ಇದಕ್ಕೇ. ಫಲ ಬಾರದೇ ಹೋಗಿದ್ದರೂ ಅವು ಸರಿಯಾದ ನಡೆಗಳೇ.

ಆದರೆ ಈ ಪರೀಕ್ಷೆಗೂ ಕೊನೆ ಬೇಕು. ಯಾಕೆಂದರೆ ತಾಳ್ಮೆಯ ಖರ್ಚನ್ನು ತಾಳುವವನೊಬ್ಬನೇ ಭರಿಸುವುದಿಲ್ಲ. ಒಂದು ತಂಡದ ಪಟ್ಟಿಯಲ್ಲಿ 53 ಜಾಗ. ಟ್ರೆಡ್‌ವೆಲ್ ಇದ್ದ ಅದೇ ವೈಕಿಂಗ್ಸ್ ತಂಡದಲ್ಲಿ ಆಡಂ ಥೀಲೆನ್ ಎಂಬ ಇನ್ನೊಬ್ಬ ರಿಸೀವರ್ ಇದ್ದ. 2013ರ ಡ್ರಾಫ್ಟಿನ ಏಳೂ ಸುತ್ತುಗಳಲ್ಲಿ ಯಾವ ತಂಡವೂ ಅವನ ಹೆಸರು ಕೂಗಿರಲಿಲ್ಲ. ತನ್ನ ರಾಜ್ಯದ ಸಣ್ಣ ಕಾಲೇಜೊಂದರಿಂದ ಬಂದು, ಪರೀಕ್ಷಾರ್ಥವಾಗಿ ಶಿಬಿರಕ್ಕೆ ಹೋಗಿ, ಮೊದಲ ವರ್ಷ ಅಭ್ಯಾಸದ ತಂಡದಲ್ಲಷ್ಟೇ ಇದ್ದು ಮೇಲೆ ಬಂದವನು. 2018ರ ಋತುವಿನ ಮೊದಲ ಎಂಟೂ ಪಂದ್ಯಗಳಲ್ಲಿ ನೂರು ಗಜ ಅಥವಾ ಅದಕ್ಕಿಂತ ಹೆಚ್ಚು ಗಳಿಸಿದ. ಥೀಲೆನ್‌ಗೆ ಬಾಗಿಲು ತೆರೆಯಿತು. ತೆರೆಯದೆ ಹೋದವರ ಹೆಸರು ನಮಗೆ ಗೊತ್ತಾಗುವುದೇ ಇಲ್ಲ. ಪ್ರತಿ ವರ್ಷ ಆಗಸ್ಟ್ ಕೊನೆಗೆ ತಂಡಗಳು 90 ಜನರಿದ್ದ ಪಟ್ಟಿಯನ್ನು 53ಕ್ಕೆ ಇಳಿಸುವಾಗ ಹೊರಗೆ ಹೋಗುವವರಲ್ಲಿ ಥೀಲೆನ್‌ನಂಥವರೂ ಇರಬಹುದು. ಹೆಸರುಳ್ಳವನ ಮೇಲೆ ತೋರುವ ಕೊನೆಯಿಲ್ಲದ ಕರುಣೆಯನ್ನು ಹೆಸರಿಲ್ಲದವನ ಪಾಲಿನಿಂದ ಕಡ ತಂದಿರುತ್ತೇವೆ.

ಕೈಬಿಡುವುದು ಯಾವಾಗಲೂ ಕ್ರೌರ್ಯವೂ ಅಲ್ಲ. 1990ರಲ್ಲಿ ಈಗಲ್ಸ್ ಕೋಚ್ ಬಡ್ಡಿ ರಯಾನ್ ತನ್ನ 24 ವರ್ಷದ ರಿಸೀವರ್ ಕ್ರಿಸ್ ಕಾರ್ಟರ್‌ನನ್ನು ತಂಡದಿಂದ ಬಿಟ್ಟುಬಿಟ್ಟ. ಹಿಂದಿನ ವರ್ಷವಷ್ಟೇ ಅವನು 11 ಟಚ್‌ಡೌನ್ ಗಳಿಸಿದ್ದ. ಅವನ ತೊಂದರೆ ಚೆಂಡಿನದಲ್ಲ, ಕುಡಿತ ಮತ್ತು ಮಾದಕವಸ್ತುಗಳದು. ವೈಕಿಂಗ್ಸ್ ತಂಡ ಕೇವಲ 100 ಡಾಲರ್ ಶುಲ್ಕ ಕಟ್ಟಿ ಅವನನ್ನು ಪಡೆಯಿತು. ಕಾರ್ಟರ್ ಚಟಗಳಿಂದ ಹೊರಬಂದ. 1,101 ಚೆಂಡು ಹಿಡಿದು, 2013ರಲ್ಲಿ ಆಟದ ಹಾಲ್ ಆಫ್ ಫೇಮ್ ಸೇರಿದ. ತನ್ನನ್ನು ಹೊರಹಾಕಿದ ರಯಾನ್‌ಗೆ ಅವನು ಮುಂದೆ ಬಹಿರಂಗವಾಗಿಯೇ ಕೃತಜ್ಞತೆ ಹೇಳಿದ. ಆ ಬಿಡುವಿಕೆಯೇ ತನ್ನನ್ನು ಎಚ್ಚರಿಸಿತು ಎಂಬುದು ಅವನ ಮಾತಿನ ಸಾರ. ಎಲ್ಲರಿಗೂ ಹೀಗಾಗುತ್ತದೆಂದು ನಾನು ಹೇಳುವುದಿಲ್ಲ. ಇದೂ ಗೆದ್ದವನ ಕಥೆಯೇ. ಆದರೆ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ. ನಮ್ಮಲ್ಲಿ ಮುಗಿದದ್ದು ಇನ್ನೊಂದು ಕಡೆ ಶುರುವಾಗಬಹುದು. ಬಿಡದೆ ಹೋದರೆ ಅದು ಶುರುವಾಗುವುದಿಲ್ಲ.

ಹಾಗಾಗಿ ನನ್ನ ಕಣ್ಣಿಗೆ ಅತಿ ಕೆಟ್ಟದ್ದು ಈ ಎರಡರ ನಡುವಿನ ಸ್ಥಿತಿ. ಆಟಗಾರ ಪಟ್ಟಿಯಲ್ಲಿದ್ದಾನೆ, ಆದರೆ ಅವನಿಗಾಗಿ ಯಾರೂ ಏನನ್ನೂ ಮಾಡುತ್ತಿಲ್ಲ. ಅಭ್ಯಾಸಕ್ಕೆ ಬರುತ್ತಾನೆ, ಚೆಂಡು ಅವನತ್ತ ಬರುವುದಿಲ್ಲ. ಕಳಿಸಿದರೆ ಆಯ್ಕೆ ತಪ್ಪಾಯಿತೆಂದು ಒಪ್ಪಿದಂತಾಗುತ್ತದೆ ಎಂಬ ಭಯಕ್ಕೆ ಇಟ್ಟುಕೊಂಡಿರುತ್ತಾರೆ. ಸಾಮಾನ್ಯವಾಗಿ ಇದನ್ನು ಔದಾರ್ಯ ಎಂದು ಕರೆಯುತ್ತಾರೆ. ಇದು ಅವನ ವರ್ಷಗಳ ಕಳ್ಳತನ. ಸಂಶೋಧನೆಯಲ್ಲಿರುವ ನನಗೆ ಈ ಸ್ಥಿತಿ ಅಪರಿಚಿತವಲ್ಲ. ನಿನ್ನಿಂದ ಆಗದು ಎಂದು ಯಾರೂ ಹೇಳದ, ಬರೆದ ಅಧ್ಯಾಯವನ್ನು ಯಾರೂ ಓದದ, ಪ್ರತಿ ಆರು ತಿಂಗಳಿಗೊಮ್ಮೆ ‘ಪ್ರಗತಿ ತೃಪ್ತಿಕರ’ ಎಂಬ ಷರಾದೊಂದಿಗೆ ಐದಾರು ವರ್ಷ ಮುಂದಕ್ಕೆ ತಳ್ಳಲ್ಪಟ್ಟ ಗೆಳೆಯ ಗೆಳತಿಯರನ್ನು ನೋಡಿದ್ದೇನೆ. ಅವರಲ್ಲೊಬ್ಬಳು, “ಬೈದು ಕಳಿಸಿದ್ದರೆ ಎರಡನೇ ವರ್ಷವೇ ಬೇರೆ ಕೆಲಸ ಹುಡುಕ್ಕೊಳ್ತಿದ್ದೆ ಕಣೋ” ಎಂದಿದ್ದಳು. ಅವಳಿಗೆ ಬೇಕಿದ್ದದ್ದು ಬೈಗುಳವಲ್ಲ, ಎರಡರಲ್ಲೊಂದು: ಓದುವ ಕಣ್ಣು, ಇಲ್ಲವೇ ಬಿಡುವ ಮಾತು.

ಅಗಲೋರನ ಕಥೆಯನ್ನು ನಾನು ಸೂಪರ್ ಬೌಲ್‌ಗೆ ನಿಲ್ಲಿಸಿದ್ದೆ. ಅದು ಅಲ್ಲಿಗೆ ನಿಲ್ಲುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ಅಟ್ಲಾಂಟಾದ ಪಂದ್ಯದ ಕೊನೆಯಲ್ಲಿ, ಗೆಲುವು ತರಬಹುದಾಗಿದ್ದ ಉದ್ದನೆಯ ಎಸೆತವೊಂದನ್ನು ಅವನು ಮತ್ತೆ ಕೈಚೆಲ್ಲಿದ. ಕೆಲವೇ ದಿನಗಳಲ್ಲಿ ಫಿಲಡೆಲ್ಫಿಯಾದ ಕಟ್ಟಡವೊಂದಕ್ಕೆ ಬೆಂಕಿ ಬಿತ್ತು. ಕಿಟಕಿಯಿಂದ ಕೆಳಕ್ಕೆ ಹಾಕಿದ ಮಕ್ಕಳನ್ನು ಹಿಡಿದು ಉಳಿಸಿದ ದಾರಿಹೋಕನೊಬ್ಬ, ನಾವು ಅಗಲೋರನಂತೆ ಬಿಡಲಿಲ್ಲ ಎಂದು ಟಿ.ವಿ. ಕ್ಯಾಮೆರಾದ ಮುಂದೆ ಚುಚ್ಚಿದ. ಊರೆಲ್ಲ ನಕ್ಕಿತು. ಅಗಲೋರ್ ಆ ಮನುಷ್ಯನ ಧೈರ್ಯವನ್ನು ಹೊಗಳಿ, ಅವನನ್ನೂ ಅವನ ಮನೆಯವರನ್ನೂ ತವರಿನ ಮುಂದಿನ ಪಂದ್ಯಕ್ಕೆ ಕರೆದ. ಆ ಋತು ಮುಗಿದಾಗ ಅವನ ಒಪ್ಪಂದವೂ ಮುಗಿಯಿತು. ತಂಡ ಅವನನ್ನು ಉಳಿಸಿಕೊಳ್ಳಲಿಲ್ಲ. 2020ರಲ್ಲಿ ಅವನು ರೈಡರ್ಸ್ ತಂಡ ಸೇರಿ ಅಲ್ಲಿ 896 ಗಜ, ಎಂಟು ಟಚ್‌ಡೌನ್ ಗಳಿಸಿದ.

2016ರಲ್ಲಿ ಅವನನ್ನು ಇಟ್ಟುಕೊಂಡದ್ದು ಸರಿ, 2020ರಲ್ಲಿ ಬಿಟ್ಟದ್ದು ತಪ್ಪು ಎಂದು ಅಂಕಿಗಳನ್ನು ನೋಡಿ ಯಾರಾದರೂ ಹೇಳಬಹುದು. ನನಗೆ ಎರಡೂ ಸರಿಯೆಂದೇ ಕಾಣುತ್ತದೆ. ಮೊದಲ ಸಲ ತಂಡದಲ್ಲಿ ಇನ್ನೂ ಮಾಡಿನೋಡದ ಕೆಲಸ ಬಾಕಿಯಿತ್ತು. ಐದು ವರ್ಷದ ಹೊತ್ತಿಗೆ ಆ ಕೆಲಸ ಮುಗಿದಿತ್ತು. ಅವನಲ್ಲಿ ಇನ್ನೂ ಆಟವಿತ್ತು ಎಂಬುದು ತಂಡದ ತೀರ್ಮಾನವನ್ನು ಸುಳ್ಳಾಗಿಸುವುದಿಲ್ಲ. ಅವನಲ್ಲಿ ಆಟವಿಲ್ಲ ಎಂದು ತಂಡ ಹೇಳಬೇಕಾಗಿಯೂ ಇರಲಿಲ್ಲ. ನಮ್ಮಲ್ಲಿ ಮುಗಿಯಿತು, ಹೋಗಿ ಬಾ ಎಂದರೆ ಸಾಕಿತ್ತು.